ಹೆಸರಿಗಿಂತ ಊರು ನೋಡಿ: ಅಮೆರಿಕದ ಹಳೇ ಜೋಡುನಳಿಗೆ ಕೋವಿ ಯಾರದ್ದು, ಯಾವ ಕಾಲದ್ದು?

ಪ್ರಶ್ನೆ: ನಾವು ಪೆನ್ಸಿಲ್ವೇನಿಯಾದಲ್ಲಿದ್ದೇವೆ. ನನ್ನದು ಎಚ್-1ಬಿ ವೀಸಾ, ಹೆಂಡತಿ ಅಮೆರಿಕದವಳೇ. ಅವಳ ಅಜ್ಜ ತೀರಿಕೊಂಡ ಮೇಲೆ ಅವರ ಹಳ್ಳಿ ಮನೆಯ ಅಟ್ಟದಲ್ಲಿ ಎರಡು ಜೋಡುನಳಿಗೆ ಕೋವಿ ಸಿಕ್ಕಿವೆ. ಒಂದು 16 ಗೇಜ್ (ನಳಿಗೆಯ ಒಳ ಅಗಲದ ಅಳತೆ), ಅದರ ಮೇಲೆ 'ಇಥಾಕಾ ಗನ್ ಕಂಪನಿ' ಎಂದಿದೆ, ನಂಬರು 361ರಿಂದ ಶುರುವಾಗುವ ಆರಂಕಿ. ಇನ್ನೊಂದು 12 ಗೇಜ್, 'ಲಫೀವರ್ ನೈಟ್ರೋ ಸ್ಪೆಷಲ್' ಎಂದಿದೆ. ಲಫೀವರ್ 1880ರ ಕಾಲದ್ದು, ತುಂಬಾ ಬೆಲೆ ಬಾಳುತ್ತದೆ ಎಂದು ಮನೆಯವರು ಹೇಳುತ್ತಾರೆ. ಇವು ನಿಜಕ್ಕೂ ಯಾವ ವರ್ಷದವು? ಇಥಾಕಾಕ್ಕೆ ಅಂಗಡಿಯಲ್ಲಿ 16 ಗೇಜ್ ತೋಟಾ ಸಿಗುತ್ತದೆ, ತಂದು ಹಾರಿಸಬಹುದೇ?

ಉತ್ತರ: ಮೊದಲು ನೇರ ಉತ್ತರ. ನಿಮ್ಮ ಇಥಾಕಾ 'ಫ್ಲೂಸ್' ಮಾದರಿಯದು, ತಯಾರಾದದ್ದು 1920ರ ಆಸುಪಾಸಿನಲ್ಲಿ. ಲಫೀವರ್ 1880ರದ್ದಲ್ಲ. 'ನೈಟ್ರೋ ಸ್ಪೆಷಲ್' ಮಾದರಿ ಶುರುವಾದದ್ದೇ 1921ರಲ್ಲಿ, ಮುಗಿದದ್ದು 1948ರಲ್ಲಿ, ಮಾಡಿದವರು ಅದೇ ಇಥಾಕಾ ಕಂಪನಿಯವರು. ಅಂಗಡಿಯ ತೋಟಾ ತಂದು ಇಥಾಕಾಕ್ಕೆ ಹಾಕಬೇಡಿ. ಯಾಕೆ ಎನ್ನುವುದನ್ನು ಮುಂದೆ ಅಳತೆ ಸಮೇತ ಹೇಳುತ್ತೇವೆ.

ಕೋವಿ ಮುಟ್ಟುವ ಮೊದಲು ಒಂದು ಕಾನೂನಿನ ಮಾತು, ಯಾಕೆಂದರೆ ಅದು ನಿಮಗೇ ತಾಗುತ್ತದೆ. ಎಚ್-1ಬಿ ಥರದ ನಾನ್-ಇಮಿಗ್ರಂಟ್ ವೀಸಾದ ಮೇಲಿರುವವರು ಕೋವಿಯನ್ನಾಗಲೀ ತೋಟಾವನ್ನಾಗಲೀ ವಶದಲ್ಲಿ ಇಟ್ಟುಕೊಳ್ಳಬಾರದು ಎಂದು ಅಮೆರಿಕದ ಫೆಡರಲ್ ಕಾನೂನು ಹೇಳುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. 1898ರವರೆಗೆ ತಯಾರಾದ ಕೋವಿಗಳು 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ 'ಆ್ಯಂಟಿಕ್' ಲೆಕ್ಕಕ್ಕೆ ಸೇರಿ ಫೆಡರಲ್ ನಿಯಮದಿಂದ ಹೊರಗುಳಿಯುತ್ತವೆ. ಹಾಗಾಗಿ ಅಲ್ಲಿ ಕೋವಿಯ ವರ್ಷ ಕಂಡುಹಿಡಿಯುವುದು ಬರೀ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ನಿಮ್ಮ ಎರಡೂ ಕೋವಿ ಆ ಗೆರೆಯ ಈಚೆಗಿವೆ. ಆದ್ದರಿಂದ ಕೋವಿಗಳು ನಿಮ್ಮ ಹೆಂಡತಿಯ ಹೆಸರಿನಲ್ಲಿ, ಅವರ ಬೀಗದ ಕೈ ಇರುವ ಕಪಾಟಿನಲ್ಲಿ ಇರಲಿ. ಕೆಳಗೆ ಹೇಳುವ ಪರೀಕ್ಷೆಯನ್ನೂ ಅವರೇ ಕೈಯಾರೆ ಮಾಡಲಿ, ನೀವು ಟಾರ್ಚ್ ಹಿಡಿದು ಬರೆದುಕೊಳ್ಳಿ. ಒಬ್ಬ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಬಿಚ್ಚಿ ನೋಡುವ ಕ್ರಮ

ನಳಿಗೆಯ ಬಾಯಿ ಯಾರ ಕಡೆಗೂ ಇಲ್ಲದಂತೆ ಹಿಡಿದು, ಮೇಲಿನ ಲಿವರನ್ನು ಬಲಕ್ಕೆ ತಳ್ಳಿ ಕೋವಿಯನ್ನು ಮಡಚಿ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಎರಡೂ ಗೂಡುಗಳಲ್ಲಿ ತೋಟಾ ಇಲ್ಲ ಎಂದು ಕಣ್ಣಿನಿಂದ ನೋಡಿ, ಆಮೇಲೆ ಬೆರಳು ಹಾಕಿಯೂ ನೋಡಿ. ಅಟ್ಟದ ಕೋವಿಗಳಲ್ಲಿ ಹಳೇ ತೋಟಾ ತುಕ್ಕು ಹಿಡಿದು ಅಂಟಿ ಕೂತಿರುವುದುಂಟು. ಹಾಗಿದ್ದರೆ ಕೋಲಿನಿಂದ ತಳ್ಳಬೇಡಿ, ಇದ್ದಂತೆಯೇ ಗನ್‌ಸ್ಮಿತ್, ಅಂದರೆ ಕೋವಿ ರಿಪೇರಿ ಮಾಡುವವರ ಹತ್ತಿರ ಒಯ್ಯಬೇಕು.

ಖಾಲಿ ಇದ್ದರೆ ಮುಚ್ಚಿ. ನಳಿಗೆಯ ಅಡಿಗೆ ಎಡಗೈ ಹಿಡಿಯುವ ಮರವಿದೆಯಲ್ಲ, ಫೋರ್‌ಎಂಡ್, ಅದನ್ನು ಕಳಚಿ. ಕೆಲವು ಕೋವಿಗಳಲ್ಲಿ ಅದು ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಂತಿರುತ್ತದೆ, ತುದಿಯನ್ನು ಕೆಳಗೆ ಎಳೆದರೆ ಬರುತ್ತದೆ. ಕೆಲವಕ್ಕೆ ಒಂದು ಗುಬುಟು ಒತ್ತಬೇಕು. ಆಮೇಲೆ ಮತ್ತೆ ಮಡಚಿದರೆ ನಳಿಗೆಗಳು ಕೈಗೆ ಬಿಡಿಯಾಗಿ ಬರುತ್ತವೆ. ಇಷ್ಟಕ್ಕೆ ಸ್ಕ್ರೂಡ್ರೈವರ್ ಬೇಡ, ಬಳಸಲೂ ಬೇಡಿ. ಮುಂದೆ ಹೇಳುವ ಪಾರ್ಕರ್ ಕಂಪನಿಯಂಥವರ ಕೋವಿಗಳ ಸ್ಕ್ರೂ ತಲೆಯ ಸೀಳು ಕೂದಲಿನಷ್ಟು ತೆಳು. ಅಂಗಡಿಯ ಸ್ಕ್ರೂಡ್ರೈವರ್ ಹಾಕಿ ಒಮ್ಮೆ ತಿರುಗಿಸಿದರೆ ಸೀಳು ಅಗಲವಾಗುತ್ತದೆ, ಆ ಗಾಯ ನೋಡಿದ ಕೂಡಲೇ ಕೊಳ್ಳುವವರು ಬೆಲೆ ಇಳಿಸುತ್ತಾರೆ.

ಓದಬೇಕಾದ ಜಾಗಗಳು ಈಗ ತೆರೆದಿವೆ. ನಳಿಗೆಗಳನ್ನು ಮಗುಚಿ ಹಿಡಿದರೆ ಗೂಡಿನ ಕೆಳಗೆ ಎರಡು ಸಪಾಟು ಮುಖಗಳಿವೆ, ನಡುವೆ ಕೊಕ್ಕೆಯಂಥ ಲಗ್ ಇದೆ. ಫ್ರೇಮಿನಲ್ಲಿ, ಅಂದರೆ ನಳಿಗೆ ಬಂದು ಸೇರುವ ಕೋವಿಯ ನಡುವಿನ ಲೋಹದ ಭಾಗದಲ್ಲಿ, ಆ ಸಪಾಟು ಕೂರುವ ಜಾಗಕ್ಕೆ ವಾಟರ್ ಟೇಬಲ್ ಎನ್ನುತ್ತಾರೆ. ಫೋರ್‌ಎಂಡಿನ ಒಳಗಿನ ಕಬ್ಬಿಣ ಮೂರನೆಯ ಜಾಗ. ಒಳ್ಳೆಯ ತಯಾರಕರು ಈ ಮೂರೂ ಕಡೆ ಒಂದೇ ನಂಬರು ಒತ್ತಿರುತ್ತಾರೆ. ಮೂರೂ ಹೊಂದಿದರೆ ಕೋವಿ ಹುಟ್ಟಿನಿಂದ ಒಂದೇ ಕುಟುಂಬ ಎಂದರ್ಥ. ನಳಿಗೆಯ ನಂಬರು ಬೇರೆ ಇದ್ದರೆ ಯಾರೋ ಇನ್ನೊಂದು ಕೋವಿಯ ನಳಿಗೆ ತಂದು ಕೂರಿಸಿದ್ದಾರೆ, ಅಂಥದ್ದರಲ್ಲಿ ಫ್ರೇಮಿನ ವರ್ಷ ಹೇಳಿ ನಳಿಗೆಯ ವರ್ಷ ಊಹಿಸುವುದು ತಪ್ಪು. ಎಣ್ಣೆ ಹಚ್ಚಿದ ಬಟ್ಟೆಯಿಂದ ಒರಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತದೆ.

ಪೇಟೆಂಟ್ ತಾರೀಕು ಕಂಡರೆ ಅದನ್ನೇ ತಯಾರಿಕೆಯ ವರ್ಷ ಎಂದು ಬರೆದುಕೊಳ್ಳಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಪೇಟೆಂಟ್ ತಾರೀಕು ಹೇಳುವುದು 'ಇದಕ್ಕಿಂತ ಹಳೆಯದಲ್ಲ' ಎಂದಷ್ಟೇ. ಅದೇ ಅಚ್ಚನ್ನು ಹತ್ತಾರು ವರ್ಷ ಒತ್ತುತ್ತಲೇ ಇರುತ್ತಿದ್ದರು.

ಊರು ಯಾಕೆ ಮುಖ್ಯ

ಅಮೆರಿಕದ ಜೋಡುನಳಿಗೆ ಕೋವಿಗಳ ಹೆಸರು ಕೈಯಿಂದ ಕೈಗೆ ಮಾರಾಟವಾಗಿದೆ. ಕಂಪನಿ ಮುಳುಗಿದರೂ ಹೆಸರಿಗೆ ಬೆಲೆ ಇತ್ತು, ಕೊಂಡವರು ಅದೇ ಹೆಸರನ್ನು ಬೇರೆ ಕೋವಿಯ ಮೇಲೆ ಒತ್ತಿದರು. ಕಾರ್ಖಾನೆಯ ಊರನ್ನು ಮಾತ್ರ ಹಾಗೆ ಹೊತ್ತೊಯ್ಯಲು ಆಗಲಿಲ್ಲ. ಆದ್ದರಿಂದ ನಳಿಗೆಯ ಮೇಲೋ ರಿಬ್ಬಿನ (ಎರಡು ನಳಿಗೆಗಳ ನಡುವೆ ಉದ್ದಕ್ಕೂ ಬೆಸೆದ ಪಟ್ಟಿ) ಮೇಲೋ ಇರುವ ಊರಿನ ಹೆಸರೇ ಕಾಲವನ್ನು ಅರ್ಧ ಹೇಳಿಬಿಡುತ್ತದೆ.

ನಿಮ್ಮ ಲಫೀವರ್ ಇದಕ್ಕೆ ಒಳ್ಳೆಯ ಉದಾಹರಣೆ. ಡ್ಯಾನ್ ಲಫೀವರ್ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನಲ್ಲಿ 1880ರ ದಶಕದಲ್ಲಿ ಹೊರಗೆ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಕಾಣದ, ಮಡಚಿದರೆ ತಾನೇ ಸಜ್ಜಾಗುವ ಕೋವಿ ಮಾಡಿದವರು. ಅವರ ಕೋವಿಯ ಮುಂಭಾಗದಲ್ಲಿ, ನಳಿಗೆ ತಿರುಗುವ ಕೀಲಿನ ಜಾಗದಲ್ಲಿ, ಗುಂಡನೆಯ ತಲೆಯ ಒಂದು ದೊಡ್ಡ ಸ್ಕ್ರೂ ಇರುತ್ತದೆ. ಕೀಲು ಸವೆದು ಸಡಿಲವಾದರೆ ಅದನ್ನು ಸ್ವಲ್ಪ ಬಿಗಿ ಮಾಡಿ ಸರಿಪಡಿಸಲು ಮಾಡಿದ ಏರ್ಪಾಡು ಅದು, ಬೇರೆ ಯಾವ ಅಮೆರಿಕನ್ ಕೋವಿಯಲ್ಲೂ ಅಷ್ಟು ಸಲೀಸಾದ ಗುರುತು ಸಿಗುವುದಿಲ್ಲ. ಪಕ್ಕದಲ್ಲಿ ತಟ್ಟೆಗಳೂ ಇರುತ್ತವೆ. 1916ರಲ್ಲಿ ಇಥಾಕಾ ಆ ಕಂಪನಿಯನ್ನು ಕೊಂಡಿತು. ಐದು ವರ್ಷದ ಮೇಲೆ ಲಫೀವರ್ ಹೆಸರಿನಲ್ಲಿ ಕಡಿಮೆ ಬೆಲೆಯ, ಗಟ್ಟಿಮುಟ್ಟಾದ ಬೇರೆಯದೇ ಕೋವಿ ಹೊರಬಂತು. ಅದೇ ನೈಟ್ರೋ ಸ್ಪೆಷಲ್. ನಿಮ್ಮದನ್ನು ನೋಡಿ: ಪಕ್ಕದ ತಟ್ಟೆ ಇಲ್ಲ, ಕೀಲಿನ ಸ್ಕ್ರೂ ಇಲ್ಲ, ಊರು ಇಥಾಕಾ ಎಂದಿರುತ್ತದೆ. ಬಳಸಲು ಒಳ್ಳೆಯ ಕೋವಿಯೇ, ಕೀಳೆಂದು ತಿಳಿಯಬೇಡಿ. ಆದರೆ ಸಿರಕ್ಯೂಸ್ ಲಫೀವರಿನ ಬೆಲೆ ಇದಕ್ಕೆ ಸಿಗದು.

ಫಾಕ್ಸ್ ಕತೆಯೂ ಇದೇ ಜಾಡು. ಎ.ಎಚ್. ಫಾಕ್ಸ್ ಕಂಪನಿ ಫಿಲಡೆಲ್ಫಿಯಾದಲ್ಲಿತ್ತು. 1929ರಲ್ಲಿ ಸ್ಯಾವೇಜ್ ಕಂಪನಿ ಕೊಂಡು ತಯಾರಿಕೆಯನ್ನು ನ್ಯೂಯಾರ್ಕಿನ ಯೂಟಿಕಾಕ್ಕೆ ಒಯ್ದಿತು. ನಳಿಗೆಯ ಮೇಲೆ 'ಫಿಲಡೆಲ್ಫಿಯಾ' ಇದ್ದರೆ 1930ಕ್ಕೆ ಮೊದಲಿನದು, 'ಯೂಟಿಕಾ' ಇದ್ದರೆ ಆಮೇಲಿನದು. 1910ರಲ್ಲಿ ಬಂದ ಅಗ್ಗದ ಮಾದರಿ 'ಸ್ಟರ್ಲಿಂಗ್‌ವರ್ತ್'. ಫಾಕ್ಸಿನ ನಂಬರು ಗೇಜನ್ನೂ ಹೇಳುತ್ತದೆ: ಕೆತ್ತನೆಯ ದರ್ಜೆಯ ಕೋವಿಗಳಲ್ಲಿ 12 ಗೇಜ್ ಒಂದರಿಂದ ಶುರುವಾಗಿ ಸುಮಾರು 35,000ದವರೆಗೆ, 20 ಗೇಜ್ 2,00,000ದಿಂದ, 16 ಗೇಜ್ 3,00,000ದಿಂದ. ಸ್ಟರ್ಲಿಂಗ್‌ವರ್ತ್ ಆದರೆ 12 ಗೇಜ್ 50,000ದಿಂದ, 20 ಗೇಜ್ 2,50,000ದಿಂದ, 16 ಗೇಜ್ 3,50,000ದಿಂದ. 3,60,000 ಚಿಲ್ಲರೆ ನಂಬರು ಕಂಡ ಕೂಡಲೇ 'ಮೂರೂವರೆ ಲಕ್ಷ ಕೋವಿ ಮಾಡಿದ್ದಾರೆ' ಎಂದುಕೊಂಡರೆ ತಪ್ಪಾಗುತ್ತದೆ. ಇನ್ನು 'ಫಾಕ್ಸ್ ಮಾಡೆಲ್ ಬಿ' ಎಂದು ಬರೆದಿದ್ದರೆ ಅದು ಸ್ಯಾವೇಜ್ ಬಳಗದ ಸ್ಟೀವನ್ಸ್ ಕೋವಿಯ ಮೇಲೆ ಒತ್ತಿದ ಹೆಸರು. ಫಿಲಡೆಲ್ಫಿಯಾದ ಫಾಕ್ಸಿನೊಂದಿಗೆ ಅದರ ಒಂದು ಭಾಗವೂ ಹೊಂದುವುದಿಲ್ಲ.

ಎಲ್.ಸಿ. ಸ್ಮಿತ್ ಕೋವಿ ಶುರುವಾದದ್ದು ಸಿರಕ್ಯೂಸ್‌ನಲ್ಲಿ. ಅದರ ಒಡೆಯ ಲೈಮನ್ ಸ್ಮಿತ್ ಟೈಪ್‌ರೈಟರ್ ಉದ್ಯಮದ ಕಡೆ ಹೊರಳಿದ ಮೇಲೆ 1890ರ ಹೊತ್ತಿಗೆ ಕೋವಿ ವ್ಯಾಪಾರ ಹಂಟರ್ ಸಹೋದರರ ಕೈಗೆ ಬಂದು ಫುಲ್ಟನ್ ಊರಿಗೆ ಹೋಯಿತು. ಹಾಗಾಗಿ 'ಹಂಟರ್ ಆರ್ಮ್ಸ್, ಫುಲ್ಟನ್' ಕಂಡರೆ ಆಮೇಲಿನದು. 1945ರಲ್ಲಿ ಮಾರ್ಲಿನ್ ಕೊಂಡಿತು, ಕೆಲವೇ ವರ್ಷ ನಡೆಸಿ ನಿಲ್ಲಿಸಿತು. ಈ ಕೋವಿಯಲ್ಲಿ ದರ್ಜೆಯ ಹೆಸರೇ ಗಡಿಯಾರ: 1913ಕ್ಕೆ ಮೊದಲು ದರ್ಜೆಗಳಿಗೆ ಹೆಚ್ಚಾಗಿ ಅಂಕಿಯೇ ಹೆಸರು, 00, 0, 1, 2, 3 ಹೀಗೆ. 1913ರಿಂದ 'ಫೀಲ್ಡ್', 'ಐಡಿಯಲ್', 'ಸ್ಪೆಷಾಲ್ಟಿ', 'ಕ್ರೌನ್' ಥರದ ಹೆಸರು. ಸ್ಮಿತ್ ನಿಜವಾದ ಸೈಡ್‌ಲಾಕ್, ಅಂದರೆ ಹ್ಯಾಮರ್, ಸ್ಪ್ರಿಂಗ್ ಎಲ್ಲವೂ ಪಕ್ಕದ ತಟ್ಟೆಯ ಒಳಮೈಗೆ ಕೂತಿರುತ್ತವೆ. ತಟ್ಟೆ ಕೂರಲು ಮರವನ್ನು ಕೊರೆದು ತೆಳು ಮಾಡಿರುವುದರಿಂದ, ಪ್ರತಿ ಈಡಿನ ಹಿಮ್ಮೆಟ್ಟು ಆ ತೆಳು ಜಾಗಕ್ಕೇ ಬಡಿದು, ತಟ್ಟೆಯ ಹಿಂತುದಿಯಿಂದ ಹಿಡಿಯ ಕಡೆಗೆ ಕೂದಲೆಳೆಯ ಬಿರುಕು ಹೊರಡುತ್ತದೆ. ಸ್ಮಿತ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಆ ಜಾಗಕ್ಕೆ ಭೂತಗನ್ನಡಿ ಹಿಡಿಯುತ್ತಾರೆ. ಹಳೇ ಎಣ್ಣೆ ಇಳಿದು ಮರ ಕಪ್ಪಗೆ ಮೆತ್ತಗಾಗಿದ್ದರೆ ಬಿರುಕು ಇನ್ನೂ ಬೇಗ.

ಪಾರ್ಕರ್ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಮೋಸ ಹೆಚ್ಚು ನಡೆಯುವುದು ಅಲ್ಲೇ. ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಊರಿನ ಪಾರ್ಕರ್ ಬ್ರದರ್ಸ್ ಅಂತರ್ಯುದ್ಧ ಮುಗಿದ ಬೆನ್ನಿಗೆ ಕೋವಿ ಮಾಡತೊಡಗಿದರು. 1934ರಲ್ಲಿ ರೆಮಿಂಗ್ಟನ್ ಕೊಂಡು, ಆ ದಶಕದ ಕೊನೆಗೆ ನ್ಯೂಯಾರ್ಕಿನ ಇಲಿಯನ್ನಿಗೆ ಸಾಗಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ ತಯಾರಿಕೆ ನಿಂತಿತು. ಒಟ್ಟು ನಂಬರು ಸುಮಾರು 2,42,000. ತೀರಾ ಹಳೆಯವು 'ಲಿಫ್ಟರ್', ಟ್ರಿಗರ್ ಗಾರ್ಡಿನ ಮುಂದೆ ಅಡಿಯಲ್ಲಿರುವ ಗುಂಡಿಯನ್ನು ಮೇಲಕ್ಕೆ ಒತ್ತಿದರೆ ತೆರೆಯುತ್ತವೆ. ಮೇಲಿನ ಲಿವರ್ ಬಂದದ್ದು 1880ರ ದಶಕದಲ್ಲಿ. ಹ್ಯಾಮರ್ ಒಳಗಿರುವ ಮಾದರಿ ಆ ದಶಕದ ಕೊನೆಗೆ. ದರ್ಜೆ ಅಕ್ಷರದಲ್ಲಿರುತ್ತದೆ: ವಿಎಚ್, ಜಿಎಚ್, ಡಿಎಚ್, ಸಿಎಚ್ ಎಂದು ಮೇಲೇರುತ್ತಾ ಎ-1 ಸ್ಪೆಷಲ್‌ವರೆಗೆ. ಕೊನೆಯಲ್ಲಿ 'ಇ' ಸೇರಿದ್ದರೆ, ಡಿಎಚ್‌ಇ ಅನ್ನುವಂತೆ, ಖಾಲಿ ತೋಟಾವನ್ನು ತಾನೇ ಹೊರಗೆಸೆಯುವ ಎಜೆಕ್ಟರ್ ಇದೆ ಎಂದರ್ಥ. ರಿಬ್ಬಿನ ಮೇಲೆ 'ವಲ್ಕನ್ ಸ್ಟೀಲ್' ಇದ್ದರೆ ವಿಎಚ್, 'ಟೈಟಾನಿಕ್ ಸ್ಟೀಲ್' ಇದ್ದರೆ ಡಿಎಚ್ ದರ್ಜೆಯ ನಳಿಗೆ. (ಆ ಹೆಸರು ಮುಳುಗಿದ ಹಡಗಿಗಿಂತ ಹಳೆಯದು.) ವಾಟರ್ ಟೇಬಲ್ ಮೇಲೆ ದರ್ಜೆಯ ಅಂಕಿ, ನಳಿಗೆಯ ಲಗ್ ಮೇಲೆ ಫ್ರೇಮಿನ ಅಳತೆಯ ಅಂಕಿ ಒತ್ತಿರುತ್ತಾರೆ. ಸಾಮಾನ್ಯ ವಿಎಚ್ ಮೇಲೆ ಇತ್ತೀಚೆಗೆ ಹೂಬಳ್ಳಿ, ನಾಯಿ, ಹಕ್ಕಿ ಕೆತ್ತಿಸಿ ಮೇಲಿನ ದರ್ಜೆ ಎಂದು ಮಾರುವವರಿದ್ದಾರೆ. ಮೇಲ್ಮೈ ಕೆತ್ತನೆ ಎಷ್ಟೇ ಚೆನ್ನಾಗಿರಲಿ, ಮೊದಲು ಒಳಗಿನ ಅಂಕಿ ಓದಿ. ಇನ್ನೊಂದು ಗೊಂದಲ: 1980ರ ದಶಕದಲ್ಲಿ ಜಪಾನಿನಲ್ಲಿ 'ಪಾರ್ಕರ್ ರಿಪ್ರೊಡಕ್ಷನ್ಸ್' ಹೆಸರಿನಲ್ಲಿ ತದ್ರೂಪು ಕೋವಿಗಳು ತಯಾರಾದವು. ಒಳ್ಳೆಯ ಕೆಲಸವೇ, ಆದರೆ ಹಳೆಯದಲ್ಲ.

ಇಥಾಕಾದಲ್ಲಿ ಊರು ಬದಲಾಗಲಿಲ್ಲ, ಮಾದರಿ ಬದಲಾಗುತ್ತಾ ಹೋಯಿತು. ಹ್ಯಾಮರ್ ಒಳಗಿರುವ ಕೋವಿಗಳ ಸಾಲು ಇದು: ಕ್ರಾಸ್ 1888ರಿಂದ, ಲೂಯಿಸ್ 1901ರಿಂದ, ಮಿನಿಯರ್ 1906ರಿಂದ, ಫ್ಲೂಸ್ 1908ರಿಂದ 1926ರವರೆಗೆ, ಅಲ್ಲಿಂದ 1948ರವರೆಗೆ 'ನ್ಯೂ ಇಥಾಕಾ ಡಬಲ್'. ಫ್ಲೂಸ್ ನಂಬರು ಸುಮಾರು 1,75,000ದಿಂದ 4,00,000ದ ಒಳಗೆ, ಹೊಸ ಡಬಲ್ 4,25,000ದಿಂದ ಮುಂದೆ. ನಿಮ್ಮ 361ರ ಸಾಲಿನ ನಂಬರು ಫ್ಲೂಸ್ ಸಾಲಿನ ಕೊನೆಯ ಭಾಗಕ್ಕೆ ಬೀಳುತ್ತದೆ. ಫ್ಲೂಸ್ ಹಗುರ, ಕೈಗೆ ಬಲು ಹಿತ. ಆ ಹಗುರವೇ ಅದರ ದೌರ್ಬಲ್ಯವೂ ಹೌದು: ಭಾರಿ ತೋಟಾ ಹಾಕಿ ಬಳಸಿದ ಫ್ಲೂಸ್‌ಗಳಲ್ಲಿ, ವಾಟರ್ ಟೇಬಲ್ ಮತ್ತು ನಳಿಗೆಯ ಹಿಂಬಾಯಿಗೆ ಒರಗುವ ನೆಟ್ಟಗಿನ ಗೋಡೆ ಸೇರುವ ಮೂಲೆಯಲ್ಲಿ ಫ್ರೇಮ್ ಬಿರಿಯುತ್ತದೆ. ನಿಮ್ಮ ಹೆಂಡತಿ ನಳಿಗೆ ಕಳಚಿದಾಗ ಆ ಮೂಲೆಯನ್ನು ಎಣ್ಣೆಯಿಂದ ಒದ್ದೆ ಮಾಡಿ, ಒರಸಿ, ಒಂದೆರಡು ನಿಮಿಷ ಬಿಟ್ಟು ನೋಡಲಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮತ್ತೆ ಜಿನುಗಿ ಗೆರೆಯಾಗಿ ಕಾಣುತ್ತದೆ.

ವಿಂಚೆಸ್ಟರ್ ಮಾಡೆಲ್ 21 ಬಗ್ಗೆ ಗೊಂದಲ ಕಡಿಮೆ. 1930ರ ದಶಕದ ಆರಂಭದಲ್ಲಿ ಬಂತು, ಹೆಸರು, ಮಾದರಿ, ನಂಬರು ಎಲ್ಲ ಸ್ಪಷ್ಟವಾಗಿ ಒತ್ತಿರುತ್ತದೆ.

ಯಾರೂ ಕೇಳದ ಹೆಸರು ಇದ್ದರೆ

ಅಟ್ಟದಲ್ಲಿ ಸಿಗುವ ಕೋವಿಗಳಲ್ಲಿ ಹೆಚ್ಚಿನವು ಇವೇ. ಕನೆಕ್ಟಿಕಟ್ಟಿನ ನಾರ್ವಿಚ್ ಊರಿನ ಕ್ರೆಸೆಂಟ್ ಕಾರ್ಖಾನೆ, ನ್ಯೂಯಾರ್ಕಿನ ಎಚ್. ಆ್ಯಂಡ್ ಡಿ. ಫಾಲ್ಸಮ್ ವ್ಯಾಪಾರಿಗಳ ಕೈಯಲ್ಲಿದ್ದುಕೊಂಡು, ಕೇಳಿದ ಅಂಗಡಿಯವರ ಹೆಸರು ಒತ್ತಿ ಕೋವಿ ಕೊಡುತ್ತಿತ್ತು. 'ನಿಕರ್‌ಬಾಕರ್', 'ಅಮೆರಿಕನ್ ಗನ್ ಕಂಪನಿ' ಅಂಥ ನೂರಾರು ಹೆಸರುಗಳಲ್ಲಿ ಎರಡು. ಆ ಹೆಸರಿನ ಕಂಪನಿ ಹುಡುಕಿಕೊಂಡು ಹೋದರೆ ಏನೂ ಸಿಗದು. ಸಿಯರ್ಸ್ ಅಂಗಡಿಯವರು 'ರೇಂಜರ್', ಆಮೇಲೆ 'ಜೆ.ಸಿ. ಹಿಗಿನ್ಸ್' ಎಂದೂ, ಮಾಂಟ್‌ಗೊಮರಿ ವಾರ್ಡ್‌ನವರು 'ವೆಸ್ಟರ್ನ್ ಫೀಲ್ಡ್' ಎಂದೂ ಮಾರಿದರು. ಇಲ್ಲಿ ಹೊರಗಿನ ಹ್ಯಾಮರ್ ನೋಡಿ 19ನೇ ಶತಮಾನ ಎಂದುಬಿಡಬೇಡಿ. ಹೊರ ಹ್ಯಾಮರಿನ ಅಗ್ಗದ ಕೋವಿಗಳು 20ನೇ ಶತಮಾನದಲ್ಲೂ ಬಹಳ ಕಾಲ ತಯಾರಾದವು.

ನಂಬರೇ ಇಲ್ಲದಿದ್ದರೆ ಗಾಬರಿ ಬೇಡ. 1968ರ ಕಾನೂನು ಬರುವವರೆಗೆ ಅಮೆರಿಕದಲ್ಲಿ ಶಾಟ್‌ಗನ್‌ಗೆ ನಂಬರು ಕಡ್ಡಾಯವಿರಲಿಲ್ಲ. ಮೆಸಾಚೂಸೆಟ್ಸಿನ ಚಿಕಪೀ ಫಾಲ್ಸ್ ಊರಿನ ಸ್ಟೀವನ್ಸ್ ಕಂಪನಿಯ 311 ಮಾದರಿಯಂಥವು ನಂಬರಿಲ್ಲದೇ ಬಂದವು. ಅವುಗಳಲ್ಲಿ ಸಣ್ಣ ವೃತ್ತದೊಳಗೆ ಒಂದು ಅಕ್ಷರ ಇದೆಯಾ ನೋಡಿ. 1949ರಿಂದ ಸ್ಯಾವೇಜ್-ಸ್ಟೀವನ್ಸ್ ಬಳಗ ಬಳಸಿದ ವರ್ಷದ ಗುರುತು ಅದು: 'ಎ' ಅಂದರೆ 1949, 'ಬಿ' ಅಂದರೆ 1950, ಹೀಗೆ ಮುಂದಕ್ಕೆ. ಯಾರೋ ಉಜ್ಜಿ ಅಳಿಸಿದ ನಂಬರು ಮಾತ್ರ ಬೇರೆಯೇ ವಿಷಯ. ಅಂಥ ಕೋವಿ ಇಟ್ಟುಕೊಳ್ಳುವುದೇ ಅಪರಾಧ.

ಇನ್ನೊಂದು ಮುಖ್ಯ ಗುರುತು ಇರುವುದಕ್ಕಿಂತ ಇಲ್ಲದಿರುವುದರಲ್ಲಿದೆ. ಇಂಗ್ಲೆಂಡ್, ಬೆಲ್ಜಿಯಂಗಳಲ್ಲಿ ಪ್ರತಿ ನಳಿಗೆಯನ್ನೂ ಸರ್ಕಾರಿ ಮಾನ್ಯತೆಯ ಪ್ರೂಫ್ ಹೌಸ್‌ನಲ್ಲಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಅಂಥ ರಾಷ್ಟ್ರೀಯ ವ್ಯವಸ್ಥೆ ಇರಲೇ ಇಲ್ಲ. ನಳಿಗೆಯ ಅಡಿಯಲ್ಲಿ ಮೊಟ್ಟೆಯಾಕಾರದೊಳಗೆ 'ಇ.ಎಲ್.ಜಿ.' ಅಕ್ಷರಗಳು ಕಂಡರೆ ಅದು ಬೆಲ್ಜಿಯಂನ ಲಿಯೇಜ್ ಊರಿನದು, ಮೇಲೆ ಎಂಥ ಇಂಗ್ಲಿಷ್ ಹೆಸರಿದ್ದರೂ ಸರಿ. 'ಡಬ್ಲ್ಯೂ. ರಿಚರ್ಡ್ಸ್' ಎಂದು ಒತ್ತಿದ ಇಂಥ ಕೋವಿಗಳು ಅಮೆರಿಕದ ತುಂಬಾ ಇವೆ, ಪ್ರಸಿದ್ಧ ವೆಸ್ಟ್‌ಲಿ ರಿಚರ್ಡ್ಸ್ ಎಂದು ಭ್ರಮಿಸಲೆಂದೇ ಇಟ್ಟ ಹೆಸರು. ಮೊಟ್ಟೆಯ ಮೇಲೆ ಕಿರೀಟವಿದ್ದರೆ 1893ರಿಂದ ಈಚೆಗಿನದು. ಕೊಡಗು, ಮಲೆನಾಡಿನ ಮನೆಗಳಲ್ಲಿರುವ ಹಳೇ ವಿಲಾಯಿತಿ ಕೋವಿಗಳನ್ನು ಓದುವುದೂ ಇದೇ ಜಾಗದಲ್ಲಿ, ಇದೇ ಕ್ರಮದಲ್ಲಿ.

ನಳಿಗೆಯ ಲೋಹ

1890ರ ದಶಕದವರೆಗೆ ಹೆಚ್ಚಿನ ನಳಿಗೆಗಳು ಡಮಾಸ್ಕಸ್ ಅಥವಾ ಟ್ವಿಸ್ಟ್. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದಂತೆ ಹುರಿಮಾಡಿ, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಒಂದು ಮಾಡಿದ ಕೊಳವೆ ಅದು. ಮೈಮೇಲೆ ಸುರುಳಿ ಸುರುಳಿ ಚಿತ್ತಾರ. ಅಮೆರಿಕದ ಕಂಪನಿಗಳು ಇಂಥ ಕೊಳವೆಗಳನ್ನು ಹೆಚ್ಚಾಗಿ ಬೆಲ್ಜಿಯಂನಿಂದ ತರಿಸುತ್ತಿದ್ದವು, 1914ರ ಯುದ್ಧ ಆ ದಾರಿಯನ್ನು ಮುಚ್ಚಿತು. ವರ್ಷಗಳ ತುಕ್ಕಿನಡಿ ಚಿತ್ತಾರ ಕಾಣದೇ ಹೋಗಬಹುದು. ಫೋರ್‌ಎಂಡಿನ ಮರೆಯಲ್ಲಿದ್ದ ಜಾಗ ಸಾಮಾನ್ಯವಾಗಿ ಚೆನ್ನಾಗಿ ಉಳಿದಿರುತ್ತದೆ, ಅಲ್ಲಿ ನೋಡಿ. ಸಾದಾ ಉಕ್ಕಿನ ಮೇಲೆ ಚಿತ್ತಾರ ಮೂಡಿಸಿ ಮಾರಿದ ಅಗ್ಗದ ಕೋವಿಗಳೂ ಇವೆ. ಅವುಗಳಲ್ಲಿ ಚಿತ್ತಾರ ಸವೆದ ಕಡೆ ಪೂರ್ತಿ ಬೋಳಾಗುತ್ತದೆ. ನಿಜವಾದ ಡಮಾಸ್ಕಸ್‌ನಲ್ಲಿ ಮತ್ತೆ ಹೊಳಪು ಕೊಟ್ಟರೂ ಚಿತ್ತಾರ ಲೋಹದ ಒಳಗಿಂದಲೇ ಬರುತ್ತದೆ. ಡಮಾಸ್ಕಸ್ ಎಂದು ಖಚಿತವಾದ ಕೋವಿಗೆ ಅಂಗಡಿಯ ಇಂದಿನ ತೋಟಾ ಹಾಕಲೇಬಾರದು.

ಈಗ ನಿಮ್ಮ ತೋಟಾ ಪ್ರಶ್ನೆ

ನಮ್ಮ ಕಡೆ ಬೋರ್ ಎನ್ನುವುದನ್ನು ಅಮೆರಿಕದವರು ಗೇಜ್ ಎನ್ನುತ್ತಾರೆ. ಗೇಜ್ ಒಂದೇ ಆದರೆ ಸಾಲದು, ಗೂಡಿನ ಉದ್ದವೂ ಹೊಂದಬೇಕು. ಇಂದಿನ 16 ಗೇಜ್ ತೋಟಾ 2¾ ಇಂಚು, 70 ಮಿ.ಮೀ. ಆ ಕಾಲದ 16 ಗೇಜ್ ಕೋವಿಯ ಗೂಡು ಸಾಮಾನ್ಯವಾಗಿ 2 9/16 ಇಂಚು, 65 ಮಿ.ಮೀ. ಹಳೇ 20 ಗೇಜ್‌ಗಳಲ್ಲೂ, ಕೆಲವು 12 ಗೇಜ್‌ಗಳಲ್ಲೂ ಇದೇ ಬಗೆಯ ಕೊರತೆ ಇರುತ್ತದೆ.

ಅಪಾಯ ಅಡಗಿರುವುದು ಇಲ್ಲಿ: 70 ಮಿ.ಮೀ. ಎನ್ನುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಅದು ಸುಮಾರು 60 ಮಿ.ಮೀ. ಮಾತ್ರ. ಹಾಗಾಗಿ 65ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ನೆಮ್ಮದಿಯಾಗಿ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ, ಗೂಡಿನಿಂದ ನಳಿಗೆಗೆ ಕಿರಿದಾಗುವ ಇಳಿಜಾರಿನೊಳಗೆ ಮಡಿಕೆ ತುರುಕಿಕೊಳ್ಳುತ್ತದೆ. ಚರೆ ಮತ್ತು ಬಿರಡೆ ಆ ಇಕ್ಕಟ್ಟಿನಲ್ಲಿ ನುಗ್ಗಬೇಕು, ಒತ್ತಡ ಏರುತ್ತದೆ. ಆ ಒತ್ತಡ ಬೀಳುವುದು ನೂರು ವರ್ಷ ಹಳೆಯ, ಮೂಲೆಯಲ್ಲಿ ಬಿರಿಯುವ ಅಭ್ಯಾಸವಿರುವ ಹಗುರ ಫ್ರೇಮಿನ ಮೇಲೆ.

ಅಳೆಯುವುದು ಹೀಗೆ. ತೆಳು ಹಿತ್ತಾಳೆ ತಗಡನ್ನೋ ಗಟ್ಟಿ ಪ್ಲಾಸ್ಟಿಕ್ ಕಾರ್ಡನ್ನೋ 16 ಗೇಜ್‌ಗೆ ಸರಿಯಾಗಿ 18.5 ಮಿ.ಮೀ. ಅಗಲಕ್ಕೆ, ಸುಮಾರು 100 ಮಿ.ಮೀ. ಉದ್ದಕ್ಕೆ, ಮೂಲೆ ಚೌಕವಾಗಿರುವಂತೆ ಕತ್ತರಿಸಿ. 12 ಗೇಜ್‌ಗೆ 20.2 ಮಿ.ಮೀ. ಅಗಲ. ಗೂಡಿನ ನಡು ರೇಖೆಗೆ ಸರಿಯಾಗಿ ಒಳಗೆ ಜಾರಿಸಿ. ಇಳಿಜಾರು ಶುರುವಾದ ಕಡೆ ಎರಡೂ ಮೂಲೆ ತಾಗಿ ನಿಲ್ಲುತ್ತದೆ. ನಳಿಗೆಯ ಹಿಂಬಾಯಿಯ ಮಟ್ಟಕ್ಕೆ ಗೀರು ಹಾಕಿ, ಹೊರತೆಗೆದು ಅಳೆಯಿರಿ. ಪಟ್ಟಿಯ ಅಗಲ ಅರ್ಧ ಮಿಲಿಮೀಟರ್ ಕಡಿಮೆಯಾದರೂ ಅದು ಇಳಿಜಾರಿನೊಳಗೆ ಮೂರು ನಾಲ್ಕು ಮಿ.ಮೀ. ಮುಂದೆ ಹೋಗಿ ನಿಲ್ಲುತ್ತದೆ. 65ಕ್ಕೂ 70ಕ್ಕೂ ಇರುವ ವ್ಯತ್ಯಾಸವೇ ಐದು, ಅಂದರೆ ಆ ಒಂದು ತಪ್ಪಿನಿಂದ ಚಿಕ್ಕ ಗೂಡು ದೊಡ್ಡದಾಗಿ ಕಾಣುತ್ತದೆ. ಕ್ಯಾಲಿಪರ್ ಹಿಡಿದೇ ಕತ್ತರಿಸಿ, ಎರಡೂ ನಳಿಗೆಯಲ್ಲಿ ಮೂರು ಮೂರು ಸಲ ಅಳೆಯಿರಿ. ಇದು ಕೂಡ ಮೊದಲ ಜರಡಿ ಮಾತ್ರ. 70 ಎಂದು ಬಂದರೆ ಯಾರೋ ಆಮೇಲೆ ಗೂಡು ಕೊರೆದು ಉದ್ದ ಮಾಡಿರಬಹುದು, ಆಗ ಆ ಜಾಗದ ಗೋಡೆ ತೆಳುವಾಗಿರುತ್ತದೆ. ಗೋಡೆಯ ದಪ್ಪ ಅಳೆಯುವ ಗೇಜ್ ಇರುವ, ಜೋಡುನಳಿಗೆಯಲ್ಲೇ ಕೆಲಸ ಮಾಡುವ ಗನ್‌ಸ್ಮಿತ್ ಒಪ್ಪಿದ ಮೇಲೆ, ಅವರು ಹೇಳಿದ ಕಡಿಮೆ ಒತ್ತಡದ 65 ಮಿ.ಮೀ. ತೋಟಾವನ್ನು ಮಾತ್ರ, ಅದೂ ನಿಮ್ಮ ಹೆಂಡತಿ ಬಳಸಬಹುದು.

ಗನ್‌ಸ್ಮಿತ್ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ. ಫೋರ್‌ಎಂಡ್ ಇಲ್ಲದೆ ಕೋವಿಯನ್ನು ಮುಚ್ಚಿ, ಹಿಡಿಯನ್ನು ಹಿಡಿದು ನಿಧಾನ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಅಥವಾ ನಳಿಗೆಗೂ ಫ್ರೇಮಿನ ಗೋಡೆಗೂ ನಡುವೆ ಬೆಳಕು ತೂರಿದರೆ ಕೀಲು ಸವೆದಿದೆ. ಮೇಲಿನ ಲಿವರ್ ಮುಚ್ಚಿದಾಗ ನಡುಗೆರೆಯಿಂದ ಸ್ವಲ್ಪ ಬಲಕ್ಕೆ ನಿಂತರೆ ಬಿಗಿ ಉಳಿದಿದೆ ಎಂದರ್ಥ, ಎಡಕ್ಕೆ ದಾಟಿದ್ದರೆ ಸವೆತ. ನಳಿಗೆಗಳನ್ನು ಲಗ್‌ನಿಂದ ಬೆರಳಿಗೆ ತೂಗಿಸಿ ಗೆಣ್ಣಿನಿಂದ ತಟ್ಟಿ: ಗಂಟೆಯಂತೆ ನಾದ ಎಳೆದರೆ ಬೆಸುಗೆ ಗಟ್ಟಿ, ಒಡಕು ದನಿ ಬಂದರೆ ರಿಬ್ ಎಲ್ಲೋ ಬಿಟ್ಟಿದೆ. ಕೊನೆಗೆ ಮುಂಬಾಯಿ ನೋಡಿ. ಕಾರ್ಖಾನೆಯಿಂದ ಬಂದ ನಳಿಗೆಗಳು ತುದಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಡುವೆ ಸಂದಿಯಿದ್ದು ಸೀಸವನ್ನೋ ಮರದ ಚೂರನ್ನೋ ತುಂಬಿದ್ದರೆ ಯಾರೋ ಗರಗಸ ಹಾಕಿದ್ದಾರೆ. ಆಗ ಉದ್ದ ಅಳೆಯಲೇಬೇಕು: ಕೋವಿ ಮುಚ್ಚಿ, ಮುಂಬಾಯಿಯಿಂದ ಕೋಲು ಇಳಿಬಿಟ್ಟು, ಗೋಡೆಗೆ ತಾಗುವವರೆಗಿನ ಅಳತೆ. ನಳಿಗೆ 18 ಇಂಚಿಗಿಂತ ಅಥವಾ ಕೋವಿ ಒಟ್ಟು 26 ಇಂಚಿಗಿಂತ ಚಿಕ್ಕದಾದರೆ 1934ರ ಕಾನೂನಿನಡಿ ನೋಂದಣಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ.

ವರ್ಷವನ್ನು ಇನ್ನೂ ಖಚಿತ ಮಾಡಿಕೊಳ್ಳಬೇಕಾದವರಿಗೆ ಕಾರ್ಖಾನೆಯ ದಾಖಲೆಗಳಿವೆ. ಎಲ್.ಸಿ. ಸ್ಮಿತ್ ಮತ್ತು ವಿಂಚೆಸ್ಟರ್ ದಾಖಲೆ ವಯೋಮಿಂಗ್‌ನ ಕೋಡಿ ಊರಿನ ಫೈರ್‌ಆರ್ಮ್ಸ್ ಮ್ಯೂಸಿಯಂನಲ್ಲಿದೆ, ಪಾರ್ಕರ್‌ಗೆ ಅದರ ಸಂಗ್ರಾಹಕರ ಸಂಘ ಪತ್ರ ಕೊಡುತ್ತದೆ. ನಂಬರು ಕಳಿಸಿ ಶುಲ್ಕ ಕಟ್ಟಿದರೆ, ದಾಖಲೆ ಉಳಿದಿದ್ದಲ್ಲಿ ಆ ಕೋವಿ ಯಾವ ದರ್ಜೆಯಲ್ಲಿ, ಎಷ್ಟು ಉದ್ದದ ನಳಿಗೆಯೊಂದಿಗೆ ತಯಾರಾಯಿತು ಎಂದು ಬರೆದು ಕೊಡುತ್ತಾರೆ. ದುಬಾರಿ ಪಾರ್ಕರನ್ನು ಈ ಪತ್ರವಿಲ್ಲದೆ ಯಾರೂ ಕೊಳ್ಳಬಾರದು.

ಕೋವಿಗಳಿಗೆ ಸದ್ಯಕ್ಕೆ ಏನೂ 'ಹೊಸತು' ಮಾಡಿಸಬೇಡಿ. ಫ್ರೇಮಿನ ಮೇಲೆ, ಲಿವರಿನ ಕೆಳಗೆ ಮಾಸಿದ ನೀಲಿ-ಕಂದು ಬಣ್ಣದ ಮೋಡಗಳು ಉಳಿದಿದ್ದರೆ ಅದು ಮೂಲ ಹದ, ಪಾಲಿಶ್ ತಾಗಿದರೆ ಹೋಗಿಬಿಡುತ್ತದೆ. ಎಣ್ಣೆಯಲ್ಲಿ ನೆನೆದ ಅತಿ ನಯವಾದ 0000 ಉಕ್ಕಿನ ನಾರಿನಿಂದ ಕೆಂಪು ತುಕ್ಕನ್ನು ಮಾತ್ರ ಎತ್ತಿ, ಕಂದು ಬಣ್ಣವನ್ನು ಬಿಡಿ. ನಳಿಗೆಗೆ ಬಿಸಿ ಬ್ಲೂಯಿಂಗ್ (ಉಕ್ಕಿಗೆ ನೀಲಿಗಪ್ಪು ಬಣ್ಣ ಬರಿಸುವ ಕೆಲಸ) ಮಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಕೋವಿಗಳ ರಿಬ್ ಕೂತಿರುವುದು ಸೀಸ-ತವರದ ಬೆಸುಗೆಯ ಮೇಲೆ. ಬ್ಲೂಯಿಂಗ್ ತೊಟ್ಟಿಯ ಕುದಿಯುವ ಕ್ಷಾರ ಆ ಬೆಸುಗೆಯನ್ನು ತಿನ್ನುತ್ತದೆ, ರಿಬ್ಬಿನ ಒಳಗೆ ಸೇರಿಕೊಂಡ ಉಪ್ಪು ಹೊರಬರದೆ ಒಳಗಿಂದ ತುಕ್ಕು ಹಿಡಿಸುತ್ತಾ ಕೂರುತ್ತದೆ, ಕೆಲವು ತಿಂಗಳ ಮೇಲೆ ನಳಿಗೆಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ.